ಹೆಸರು ಎರಡು, ವ್ಯಕ್ತಿ ಒಬ್ಬರೇ?

‘ಲಕ್ಷ್ಮಿ’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಕೆಲವರು ‘ಕೆ, ಎಸ್, ಎಚ್’ ಅಕ್ಷರಗಳನ್ನು ಸೇರಿಸಿ ಬರೆದರೆ, ಕೆಲವರು ‘ಎಕ್ಸ್’ ಒಂದರಲ್ಲೇ ಮುಗಿಸುತ್ತಾರೆ. ಅಂಗಡಿಯ ಗಿರಾಕಿಗಳ ಪಟ್ಟಿಯಲ್ಲಿ ಒಬ್ಬರದೇ ಹೆಸರು ಹೀಗೆ ಎರಡು ಬಗೆಯಲ್ಲಿ ನಮೂದಾದರೆ, ಕಂಪ್ಯೂಟರಿನ ಪಾಲಿಗೆ ಅವರು ಇಬ್ಬರು! ಇದಕ್ಕೆ ಪರಿಹಾರವೇನು?

ಕಂಪ್ಯೂಟರ್ ಬರುವ ಮೊದಲೇ ಅಮೆರಿಕದ ರಾಬರ್ಟ್ ರಸೆಲ್ ಒಂದು ಉಪಾಯ ಕಂಡುಹಿಡಿದು 1918ರಲ್ಲಿ ಪೇಟೆಂಟ್ ಪಡೆದರು. ಅದರಿಂದ ಬೆಳೆದುಬಂದದ್ದೇ ‘ಸೌಂಡೆಕ್ಸ್’. ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಹತ್ತಿರದ ಉಚ್ಚಾರವುಳ್ಳ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು ಇದರ ಕ್ರಮ. ‘ಕೆ’, ‘ಎಸ್’, ‘ಎಕ್ಸ್’ ಮೂರಕ್ಕೂ 2, ‘ಎಂ’ಗೆ 5, ‘ಎಚ್’ಗೆ ಅಂಕಿಯಿಲ್ಲ. ಒಂದೇ ಅಂಕಿ ಪಕ್ಕಪಕ್ಕದಲ್ಲಿ ಬಂದರೆ ಒಮ್ಮೆ ಬರೆದರೆ ಸಾಕು. ಮೂರು ಅಂಕಿ ತುಂಬದಿದ್ದರೆ ಸೊನ್ನೆ. ಹೀಗೆ ಲೆಕ್ಕ ಹಾಕಿದರೆ ‘ಲಕ್ಷ್ಮಿ’ಯ ಎರಡೂ ಬರಹಗಳಿಗೆ ಸಿಗುವ ಸಂಕೇತ ‘ಎಲ್ 250’!

ಆದರೆ ಸಂಕೇತ ಒಂದಾದ ಮಾತ್ರಕ್ಕೆ ವ್ಯಕ್ತಿ ಒಬ್ಬರೇ ಎನ್ನಲಾಗದು. ಒಂದೇ ಬೀದಿಯಲ್ಲಿ ಇಬ್ಬರು ಲಕ್ಷ್ಮಿಯರು ಇರಬಹುದಲ್ಲ! ದುಡುಕಿ ಇಬ್ಬರ ದಾಖಲೆಯನ್ನು ಸೇರಿಸಿಬಿಟ್ಟರೆ ಒಬ್ಬರ ಬಾಕಿ ಇನ್ನೊಬ್ಬರ ತಲೆಗೆ ಬಂದೀತು. ಆದ್ದರಿಂದ ಜನ್ಮದಿನಾಂಕ, ವಿಳಾಸ, ಫೋನ್ ಸಂಖ್ಯೆಗಳನ್ನೂ ಹೋಲಿಸಬೇಕು. ಸಂದೇಹವಿದ್ದಲ್ಲಿ ಮನುಷ್ಯರೇ ನೋಡಿ ತೀರ್ಮಾನಿಸಬೇಕು.

ಪೋಷಕರು ಮಾಡಬಹುದಾದದ್ದೂ ಒಂದಿದೆ: ಶಾಲೆಯ ದಾಖಲೆಯಿಂದ ಬ್ಯಾಂಕಿನ ಪಾಸ್‌ಬುಕ್‌ವರೆಗೆ ಮಕ್ಕಳ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರುವಂತೆ ನೋಡಿಕೊಳ್ಳುವುದು.