ಸೂರ್ಯನ ಹಂಗಿಲ್ಲದ ಧ್ರುವಪ್ರಭೆ

2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯ ಆಗಸ ಕೆಂಪೇರಿದಾಗ ಕಾರಣಕ್ಕಾಗಿ ತಡಕಾಡಬೇಕಿರಲಿಲ್ಲ. ಸೂರ್ಯ ಉಗುಳಿದ ಕಣಗಳು ಭೂಮಿಯ ಕಾಂತಕ್ಷೇತ್ರಕ್ಕೆ ಬಂದು ಬಡಿದಿದ್ದವು. ಹಾಗಾಗಿ ಧ್ರುವಪ್ರಭೆಯೆಂದರೆ ನಕ್ಷತ್ರ ಕೊಟ್ಟದ್ದನ್ನು ಗ್ರಹ ತೊಟ್ಟು ಮೆರೆಯುವ ಬೆಳಕು ಎಂದುಕೊಳ್ಳುವುದು ಸಹಜ. ಕಂದು ಕುಬ್ಜಗಳು ಈ ತಿಳಿವಳಿಕೆಯನ್ನೇ ತಿದ್ದುತ್ತಿವೆ. ಗುರುಗ್ರಹದ ಸುಮಾರು 13ರಿಂದ 75 ಪಟ್ಟು ತೂಗುವ ಈ ಕಾಯಗಳು ಗ್ರಹವೆನ್ನಲು ದೊಡ್ಡವು, ನಕ್ಷತ್ರವೆನ್ನಲು ಸಣ್ಣವು. ಜಲಜನಕವನ್ನು ನಕ್ಷತ್ರದಂತೆ ಸತತವಾಗಿ ಉರಿಸಲಾರದೆ, ಹುಟ್ಟಿನ ಕಾವನ್ನೇ ಕಳೆಯುತ್ತ ತಣ್ಣಗಾಗುತ್ತವೆ. ಎಷ್ಟೋ ಕುಬ್ಜಗಳಿಗೆ ಸುತ್ತಲೊಬ್ಬ ಸೂರ್ಯನೂ ಇಲ್ಲ. ಆದರೂ ಅಲ್ಲಿ ಧ್ರುವಪ್ರಭೆಯ ಕುರುಹುಗಳಿವೆ.

2015ರಲ್ಲಿ ಗ್ರೆಗ್ ಹ್ಯಾಲಿನನ್ ತಂಡ ವರದಿ ಮಾಡಿದ ಎಲ್‌ಎಸ್‌ಆರ್ ಜೆ1835+3259 ಎಂಬ ಕಾಯವನ್ನೇ ನೋಡಿ. ವೀಣಾ ಪುಂಜದ ದಿಕ್ಕಿನಲ್ಲಿ, ಸುಮಾರು 18 ಜ್ಯೋತಿರ್ವರ್ಷ ದೂರದಲ್ಲಿರುವ ಅದಕ್ಕೆ ಒಮ್ಮೆ ತನ್ನನ್ನೇ ಸುತ್ತಿಕೊಳ್ಳಲು 2.84 ಗಂಟೆ ಸಾಕು. ಅದರ ರೇಡಿಯೊ ಅಲೆಗಳೂ ಕಣ್ಣಿಗೆ ಕಾಣುವ ಬೆಳಕೂ ಅದೇ ಲಯದಲ್ಲಿ ಏರಿಳಿಯುತ್ತವೆ. ಈ ರೇಡಿಯೊ ಅಲೆಯೇ ಕಾಂತಕ್ಷೇತ್ರಕ್ಕೆ ಅಳತೆಗೋಲು: ಕಾಂತರೇಖೆಯ ಸುತ್ತ ಗಿರಕಿ ಹೊಡೆಯುವ ಎಲೆಕ್ಟ್ರಾನುಗಳು ಪ್ರತಿ ಗೌಸ್ ಬಲಕ್ಕೆ 2.8 ಮೆಗಾಹರ್ಟ್ಸ್ ಲೆಕ್ಕದಲ್ಲಿ ಅಲೆ ಹೊಮ್ಮಿಸುತ್ತವೆ. ಗುರುಗ್ರಹದ ಇಂಥ ದನಿ ಸುಮಾರು 40 ಮೆಗಾಹರ್ಟ್ಸ್‌ಗೆ ನಿಲ್ಲುತ್ತದೆ. ಅಂದರೆ ಅಲ್ಲಿನ ಕ್ಷೇತ್ರ ಸುಮಾರು 14 ಗೌಸ್. ಈ ಕಾಯದ ದನಿ ಸಾವಿರಾರು ಮೆಗಾಹರ್ಟ್ಸ್‌ನಲ್ಲೂ ಕೇಳುವುದರಿಂದ ಅದರ ಕ್ಷೇತ್ರ ಸಾವಿರ ಗೌಸ್ ಮೀರಿರಲೇಬೇಕು.

ಇದು ನಕ್ಷತ್ರಗಳಲ್ಲಿ ಆಗಾಗ ಸಿಡಿಯುವ ಜ್ವಾಲೆ ಇರಬಾರದೇಕೆ ಎಂದು ಕೇಳಬಹುದು. ಎಲ್‌ಎಸ್‌ಆರ್ ನಕ್ಷತ್ರಗಳ ಗಡಿಯಲ್ಲೇ ಇರುವುದರಿಂದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಜ್ವಾಲೆಗೆ ವೇಳಾಪಟ್ಟಿ ಇರುವುದಿಲ್ಲ. ಈ ಮಿಡಿತ ಗಡಿಯಾರದಷ್ಟು ಕರಾರುವಾಕ್ಕು. ಮೇಲಾಗಿ, ಗುರುವಿನ 13 ಪಟ್ಟಿನಷ್ಟೇ ತೂಗುವ, ಒಂಟಿಯಾಗಿ ತೇಲುವ ಸಿಂಪ್ ಜೆ0136 ಕೂಡ ಹೀಗೆಯೇ ಮಿಡಿಯುತ್ತದೆ. ಸೂರ್ಯನಿಲ್ಲದಿದ್ದರೆ ಕಣಗಳು ಬರುವುದೆಲ್ಲಿಂದ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಉತ್ತರದ ಸುಳಿವು ಗುರುವಿನ ಅಂಗಳದಲ್ಲೇ ಇದೆ. ಅದರ ಉಪಗ್ರಹ ಅಯೋದ ಜ್ವಾಲಾಮುಖಿಗಳ ದೆಸೆಯಿಂದ ಸೆಕೆಂಡಿಗೆ ಸುಮಾರು ಒಂದು ಟನ್ ದ್ರವ್ಯ ಹೊರಬೀಳುತ್ತದೆ. ಬಿರುಸಾಗಿ ತಿರುಗುವ ಗುರುವಿನ ಕಾಂತಕ್ಷೇತ್ರ ಅದನ್ನು ಎಳೆದಾಡಿ ಧ್ರುವಪ್ರಭೆ ಹೊತ್ತಿಸುತ್ತದೆ. ಎಲ್‌ಎಸ್‌ಆರ್ ಸುತ್ತಲೂ ಗುರುವಿನಲ್ಲಿರುವಂಥ ವಿಕಿರಣ ಪಟ್ಟಿಗಳಿರುವುದು 2023ರಲ್ಲಿ ಖಚಿತವಾಯಿತು. ಅಲ್ಲೊಂದು ಅಯೋ ಇದೆಯೆಂದು ಇದರಿಂದ ಸಾಬೀತಾಗುವುದಿಲ್ಲ. ಕಣಗಳನ್ನು ಹಿಡಿದಿಟ್ಟುಕೊಳ್ಳುವ ಕಣಜವಂತೂ ಇದೆ. ಸೂರ್ಯ ಕಿಡಿ ಹೊತ್ತಿಸಬಹುದು, ಅವನೇ ಬೇಕೆಂದಿಲ್ಲ. ಬೇಕಾದದ್ದು ಬಲವಾದ ಕಾಂತಕ್ಷೇತ್ರ, ಬಿರುಸಿನ ತಿರುಗಾಟ, ಒಂದಿಷ್ಟು ಕಣಗಳು.