ಮೆಹಮಾನ್ ಯಜಮಾನನಾದಾಗ

ಹೈಸ್ಕೂಲಿನ ವಿಜ್ಞಾನ ತರಗತಿಯಲ್ಲಿ ‘ಪರೋಪಜೀವಿ’ ಎಂಬ ಪದ ಬಂದಾಗ ಅದರ ಜೊತೆ ‘ಆತಿಥೇಯ’ ಎಂಬ ಪದವೂ ಬಂತು. ಬೇರೊಂದು ಜೀವಿಯ ದೇಹದಲ್ಲಿದ್ದು ಅದರಿಂದಲೇ ಆಹಾರ ಪಡೆಯುವುದು ಪರೋಪಜೀವಿ. ಅದಕ್ಕೆ ಜಾಗ ಕೊಟ್ಟಿರುವ ಜೀವಿ ಆತಿಥೇಯ. ನಮ್ಮ ಮನೆಮಾತು ಉರ್ದು. ಹಾಗಾಗಿ ನಾನು ಇವನ್ನು ಮೆಹಮಾನ್ ಮತ್ತು ಮೇಜ್‌ಬಾನ್ ಎಂದು ನೆನಪಿಟ್ಟುಕೊಂಡೆ. ಈ ಮೆಹಮಾನ್ ಊಟ ಕದಿಯುತ್ತಾನೆ ಎಂಬುದಷ್ಟೇ ಆಗ ನನಗೆ ಗೊತ್ತಿತ್ತು. ಕೆಲವು ಮೆಹಮಾನ್‌ಗಳು ಮನೆಯ ಯಜಮಾನನನ್ನೇ ಆಳುತ್ತವೆ ಎಂದು ತಿಳಿದದ್ದು ಕಳೆದ ವರ್ಷ, ನನ್ನ ತಮ್ಮನಿಗೆ ನಾಯಿ ಕಚ್ಚಿದ ಮೇಲೆ. ಆ ವಿಷಯ ಹೇಳುವ ಮೊದಲು ಒಂದು ಇರುವೆಯ ಕಥೆ ಹೇಳುತ್ತೇನೆ.

ಕುರಿಗಳ ಪಿತ್ತನಾಳದಲ್ಲಿ ವಾಸಿಸುವ ಒಂದು ಚಪ್ಪಟೆ ಹುಳು ಇದೆ. ಇದರ ಮೊಟ್ಟೆಗಳು ಕುರಿಯ ಹಿಕ್ಕೆಯಲ್ಲಿ ಹೊರಬರುತ್ತವೆ. ಅವನ್ನು ಬಸವನಹುಳು ತಿನ್ನುತ್ತದೆ. ಮರಿಗಳು ಬಸವನಹುಳುವಿನ ಲೋಳೆಯಲ್ಲಿ ಹೊರಬಂದಾಗ ಆ ಲೋಳೆಯನ್ನು ಇರುವೆ ತಿನ್ನುತ್ತದೆ. ಈಗ ಹುಳುವಿಗೆ ಒಂದು ಕಷ್ಟ. ಅದು ಮತ್ತೆ ಕುರಿಯ ಹೊಟ್ಟೆ ಸೇರಬೇಕು, ಆದರೆ ಕುರಿ ತಿನ್ನುವುದು ಹುಲ್ಲನ್ನು, ಇರುವೆಯನ್ನಲ್ಲ.

ಇರುವೆಯ ದೇಹದೊಳಗಿನ ಮರಿಗಳಲ್ಲಿ ಒಂದು ಅದರ ತಲೆಯೊಳಗಿನ ನರಗಳ ಗಂಟಿಗೆ ಹೋಗಿ ಕೂರುತ್ತದೆ. ಸಂಜೆ ತಂಪಾದಾಗ ಉಳಿದ ಇರುವೆಗಳು ಗೂಡಿನಲ್ಲಿದ್ದರೆ ಈ ಇರುವೆ ಹುಲ್ಲಿನ ತುದಿಗೆ ಹತ್ತಿ, ಅದನ್ನು ಬಾಯಿಂದ ಕಚ್ಚಿ ಹಿಡಿದು ನಿಲ್ಲುತ್ತದೆ. ಬಿಸಿಲು ಏರಿದರೆ ಇಳಿದು ಮಾಮೂಲಿನಂತೆ ಓಡಾಡುತ್ತದೆ. ಮತ್ತೆ ಸಂಜೆಯಾದರೆ ಮತ್ತೆ ಹತ್ತುತ್ತದೆ. ಕೊನೆಗೊಂದು ದಿನ ಕುರಿ ಹುಲ್ಲಿನ ಜೊತೆ ಇರುವೆಯನ್ನೂ ಮೇಯುತ್ತದೆ. ವಾಣಿಜ್ಯ ವಿಭಾಗದವಳಾದ ನನಗೆ ಇದು ಲೆಕ್ಕದ ಪುಸ್ತಕದಂತೆ ಕಂಡಿತು. ಖರ್ಚೆಲ್ಲ ಇರುವೆಯ ಖಾತೆಗೆ, ಲಾಭವೆಲ್ಲ ಹುಳುವಿನ ಖಾತೆಗೆ.

ಇಂಥ ಲೆಕ್ಕ ಇದೊಂದೇ ಅಲ್ಲ. ಟಾಕ್ಸೋಪ್ಲಾಸ್ಮಾ ಎಂಬ ಏಕಕೋಶ ಜೀವಿ ತನ್ನ ಜೀವನಚಕ್ರದ ಒಂದು ಮುಖ್ಯ ಹಂತವನ್ನು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ ಮುಗಿಸಬಲ್ಲದು. ಇಲಿಗಳು ಬೆಕ್ಕಿನ ಮೂತ್ರದ ವಾಸನೆ ಬಂದರೆ ದೂರ ಓಡುತ್ತವೆ. ಆದರೆ ಟಾಕ್ಸೋಪ್ಲಾಸ್ಮಾ ಸೋಂಕು ತಗುಲಿದ ಇಲಿಗಳಲ್ಲಿ ಈ ಭಯ ಕಡಿಮೆಯಾಗಿದ್ದನ್ನು ವಿಜ್ಞಾನಿಗಳು ಪ್ರಯೋಗಗಳಲ್ಲಿ ಕಂಡಿದ್ದಾರೆ. ಭಯ ಹೋದ ಇಲಿ ಬೆಕ್ಕಿಗೆ ಸುಲಭದ ತುತ್ತು.

ಹಾಗಾದರೆ ಹುಳುವಿಗೆ ಅಷ್ಟೊಂದು ಬುದ್ಧಿ ಇದೆಯೇ? ಇಲ್ಲ. ಅದು ಯೋಚಿಸಿ ಮಾಡುವುದಿಲ್ಲ. ಲಕ್ಷಾಂತರ ತಲೆಮಾರುಗಳಲ್ಲಿ ಯಾವ ಪರೋಪಜೀವಿಯಿಂದ ಆತಿಥೇಯನ ನಡವಳಿಕೆ ಸ್ವಲ್ಪವಾದರೂ ಅದಕ್ಕೆ ಅನುಕೂಲವಾಗಿ ಬದಲಾಯಿತೋ ಅದರ ಸಂತತಿ ಹೆಚ್ಚಾಯಿತು. ಉಳಿದವುಗಳ ಸಂತತಿ ಕಡಿಮೆಯಾಯಿತು. ಹೀಗೆ ಈ ಗುಣ ಗಟ್ಟಿಯಾಯಿತು.

ಈಗ ನಮ್ಮ ಬೀದಿಗೆ ಬರೋಣ. ರೇಬೀಸ್ ವೈರಸ್ ಕೂಡ ಇಂಥ ಮೆಹಮಾನ್. ಬೇರೆ ಜೀವಿಯ ಜೀವಕೋಶದ ಹೊರಗೆ ಅದು ಬೆಳೆಯಲಾರದು. ಸೋಂಕಿರುವ ನಾಯಿ ಕಚ್ಚಿದಾಗ ಅದು ಜೊಲ್ಲಿನ ಮೂಲಕ ಗಾಯಕ್ಕೆ ಬರುತ್ತದೆ. ಅಲ್ಲಿಂದ ನರಗಳ ದಾರಿ ಹಿಡಿದು ನಿಧಾನವಾಗಿ ಮೆದುಳಿಗೆ ಹೋಗುತ್ತದೆ. ಮೆದುಳಿನಲ್ಲಿ ಹೆಚ್ಚಾಗಿ, ಮತ್ತೆ ನರಗಳ ಮೂಲಕವೇ ಜೊಲ್ಲಿನ ಗ್ರಂಥಿಗಳಿಗೆ ಬರುತ್ತದೆ. ಈ ವೈರಸ್ ಹರಡಬೇಕಾದರೆ ಎರಡು ಸಂಗತಿ ಬೇಕು: ಬಾಯಿತುಂಬ ಜೊಲ್ಲು ಮತ್ತು ಕಚ್ಚುವ ಮನಸ್ಸು. ಎರಡನ್ನೂ ಅದು ಮಾಡಿಸುತ್ತದೆ. ಮೆದುಳು ಕೆಟ್ಟ ನಾಯಿ ಭಯ ಬಿಟ್ಟು ಎದುರಿಗೆ ಬಂದವರನ್ನೆಲ್ಲ ಕಚ್ಚುತ್ತದೆ. ಗಂಟಲಿನ ಸ್ನಾಯುಗಳು ಕೆಲಸ ಮಾಡದೆ ಜೊಲ್ಲು ನುಂಗಲಾಗದೆ ಬಾಯಲ್ಲೇ ಉಳಿಯುತ್ತದೆ. ನಾವು ‘ಹುಚ್ಚುನಾಯಿ’ ಎಂದು ಕಲ್ಲು ಹೊಡೆಯುತ್ತೇವೆ. ಅದು ರೋಗಿ ನಾಯಿ. ಕೆಲವು ನಾಯಿಗಳು ಕಚ್ಚಲು ಬರದೆ, ಕೈಕಾಲು ಸೋತು ಮೂಲೆಯಲ್ಲಿ ಸುಮ್ಮನೆ ಬಿದ್ದಿರುವುದೂ ಉಂಟು. ಅವುಗಳ ಜೊಲ್ಲೂ ಅಷ್ಟೇ ಅಪಾಯಕಾರಿ.

ನನ್ನ ತಮ್ಮನಿಗೆ ಒಂಬತ್ತು ವರ್ಷ. ಅರಬ್ಬಿ ತರಗತಿಯಿಂದ ಬರುವಾಗ ದಾರಿಯಲ್ಲಿ ಒಂದು ನಾಯಿಮರಿಯನ್ನು ಎತ್ತಿಕೊಳ್ಳಲು ಹೋದ. ಅದು ಕಾಲಿಗೆ ಕಚ್ಚಿತು, ರಕ್ತ ಬಂತು. ಇಂಜೆಕ್ಷನ್ ಹೆದರಿಕೆಯಿಂದ ಸಂಜೆಯವರೆಗೆ ಯಾರಿಗೂ ಹೇಳಲಿಲ್ಲ. ದಾದಿ ಅದನ್ನು ನೋಡಿ ಅರಿಶಿನ, ಖಾರದಪುಡಿ ಹಚ್ಚಲು ಹೊರಟರು. ಪಕ್ಕದ ಮನೆಯವರು “ಸಣ್ಣ ಮರಿ, ಏನೂ ಆಗಲ್ಲ” ಎಂದರು. ನಾನೂ ಹೌದೇನೋ ಅಂದುಕೊಂಡೆ. ಅಬ್ಬಾ ಮಾತ್ರ ಒಪ್ಪದೆ ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಜೊತೆಗೆ ಹೋದೆ.

ಅಲ್ಲಿ ನರ್ಸ್ ಮೊದಲು ಮಾಡಿಸಿದ್ದು ಗಾಯವನ್ನು ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯುವ ಕೆಲಸ. ನನಗೆ ಇದು ತಮಾಷೆ ಅನಿಸಿತು. ಡಾಕ್ಟರ್ ವಿವರಿಸಿದರು: ಈ ವೈರಸ್‌ನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಖಾರದಪುಡಿ ಗಾಯವನ್ನು ಕೆರಳಿಸುತ್ತದೆ, ವೈರಸ್ಸನ್ನು ಕೊಲ್ಲುವುದಿಲ್ಲ. ರಕ್ತ ಬಂದಿದ್ದರಿಂದ ಗಾಯದ ಸುತ್ತ ಒಂದು ಸೀರಮ್ ಕೊಟ್ಟರು. ಲಸಿಕೆ ಅಂದೇ ಒಂದು, ನಂತರ 3, 7 ಮತ್ತು 28ನೇ ದಿನ.

28ನೇ ದಿನ ರಂಜಾನ್‌ನಲ್ಲಿ ಬಂತು. ತಮ್ಮ ಮೊದಲ ಬಾರಿ ರೋಜಾ ಇಟ್ಟಿದ್ದ, ಮುರಿಯುತ್ತದೆ ಎಂದು ಹಟ ಹಿಡಿದ. ಲಸಿಕೆ ತೆಗೆದುಕೊಂಡರೆ ರೋಜಾ ಮುರಿಯುವುದಿಲ್ಲ ಎಂದು ನಮ್ಮ ಮಸೀದಿಯ ಇಮಾಮ್ ಸಾಹೇಬರು ಹೇಳಿದ ಮೇಲೆ ಬಂದ. ಈಗ ಅವನು ಚೆನ್ನಾಗಿದ್ದಾನೆ. ಆ ಮರಿಗೆ ರೋಗ ಇತ್ತೋ ಇಲ್ಲವೋ ನಮಗೆ ಗೊತ್ತಾಗಲೇ ಇಲ್ಲ, ಮಾರನೆಯ ದಿನ ಅದು ಅಲ್ಲಿರಲಿಲ್ಲ. ಗೊತ್ತಾಗುವವರೆಗೆ ಕಾಯುವಂತೆಯೂ ಇರಲಿಲ್ಲ.

ಏಕೆಂದರೆ ರೇಬೀಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವವರು ಇಲ್ಲವೆಂದೇ ಹೇಳಬೇಕು. ಆದರೆ ವೈರಸ್ ಮೆದುಳು ತಲುಪಲು ಸಾಮಾನ್ಯವಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಆ ನಿಧಾನವೇ ನಮಗಿರುವ ಅವಕಾಶ. ಮೆಹಮಾನ್ ಇನ್ನೂ ಬಾಗಿಲಲ್ಲಿರುವಾಗಲೇ ಲಸಿಕೆ ಅದನ್ನು ತಡೆಯುತ್ತದೆ. 1885ರಲ್ಲಿ ಫ್ರಾನ್ಸ್‌ನ ಲೂಯಿ ಪಾಶ್ಚರ್ ಈ ಲಸಿಕೆಯನ್ನು ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಕೊಡಿಸಿದರು. ಹುಚ್ಚುನಾಯಿ ಕಚ್ಚಿದ್ದ ಆ ಹುಡುಗ ಬದುಕಿದ. ಅವನಿಗೂ ಆಗ ಒಂಬತ್ತೇ ವರ್ಷ.

ಇರುವೆಗೆ ತನ್ನ ತಲೆಯಲ್ಲಿ ಯಾರು ಕೂತಿದ್ದಾರೆಂದು ತಿಳಿಯುವುದಿಲ್ಲ. ನಾಯಿಗೂ ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ. ಆದ್ದರಿಂದ ನಾಯಿ ಕಚ್ಚಿದರೆ, ಪರಚಿದರೆ, ಮರಿಯಾದರೂ ಸರಿ, ಸಾಕಿದ ನಾಯಿಯಾದರೂ ಸರಿ, ಮುಚ್ಚಿಡಬೇಡಿ. ಸೋಪು ಹಾಕಿ ತೊಳೆಯಿರಿ, ಅಂದೇ ಆಸ್ಪತ್ರೆಗೆ ಹೋಗಿ, ಎಲ್ಲ ಡೋಸ್ ಮುಗಿಸಿ. ನಿಮ್ಮ ಮನೆಯ ಚಿಕ್ಕ ಮಕ್ಕಳಿಗೂ ಇದನ್ನು ಇಂದೇ ಹೇಳಿ. ಬೈಗುಳಕ್ಕೆ, ಸೂಜಿಗೆ ಹೆದರಿ ಸುಮ್ಮನಿರುವವರು ಅವರೇ.