ಸೂರಿನೊಡನೆ ಕೈತಪ್ಪಿದ ಆಸ್ತಿ

ಎರಡನೇ ಮಹಾಯುದ್ಧ ಮುಗಿಸಿ ಮರಳಿದ ಅಮೆರಿಕದ ಸೈನಿಕರನ್ನು ತೀವ್ರ ವಸತಿ ಅಭಾವ ಎದುರುಗೊಂಡಿತು. 1947ರಲ್ಲಿ ವಿಲಿಯಂ ಲೆವಿಟ್ ಅವರ ಸಂಸ್ಥೆ ನ್ಯೂಯಾರ್ಕ್ ನಗರದಾಚೆ, ಲಾಂಗ್ ಐಲೆಂಡ್‌ನ ಆಲೂಗೆಡ್ಡೆ ಹೊಲಗಳಲ್ಲಿ ಲೆವಿಟ್‌ಟೌನ್ ಕಟ್ಟಲಾರಂಭಿಸಿತು. ಕೆಲಸವನ್ನು 26 ಹಂತಗಳಾಗಿ ವಿಂಗಡಿಸಿ, ಪ್ರತಿ ತಂಡಕ್ಕೂ ಒಂದೊಂದನ್ನೇ ವಹಿಸಿದ್ದರಿಂದ ದಿನಕ್ಕೆ 30ರಷ್ಟು ಮನೆಗಳು ಎದ್ದವು. 1951ರ ವೇಳೆಗೆ ಅವುಗಳ ಸಂಖ್ಯೆ 17 ಸಾವಿರ ದಾಟಿತು. ಸರ್ಕಾರಿ ಖಾತರಿಯ ಸಾಲದ ನೆರವಿನಿಂದ ಮಾಜಿ ಸೈನಿಕರು ಮುಂಗಡ ಹಣವಿಲ್ಲದೆಯೇ ಸ್ವಂತ ಮನೆ ಪಡೆದರು.

ಈ ಸೌಭಾಗ್ಯ ಎಲ್ಲ ಸೈನಿಕರದಾಗಲಿಲ್ಲ. ಆರಂಭದ ಬಾಡಿಗೆ ಕರಾರಿನಲ್ಲೇ ಬಿಳಿಯರಲ್ಲದವರ ವಾಸಕ್ಕೆ ನಿಷೇಧವಿತ್ತು, ವಿನಾಯಿತಿ ಮನೆಗೆಲಸದವರಿಗಷ್ಟೇ. ಮಾರಾಟ ಕರಾರುಗಳ ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತರೂ ಲೆವಿಟ್ ತಮ್ಮ ಪಟ್ಟು ಸಡಿಲಿಸಲಿಲ್ಲ. 1957ರಲ್ಲಿ ಪೆನ್ಸಿಲ್ವೇನಿಯಾದ ಇನ್ನೊಂದು ಲೆವಿಟ್‌ಟೌನ್‌ಗೆ ಮೈಯರ್ಸ್ ಎಂಬ ಕಪ್ಪು ವರ್ಣೀಯ ಕುಟುಂಬ ಬಂದಾಗ ಅವರ ಮನೆಯ ಮೇಲೆ ಕಲ್ಲು ತೂರಲಾಯಿತು.

ಮನೆ ಮಾರಾಟದಲ್ಲಿ ವರ್ಣಭೇದವನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆ ಬಂದದ್ದು 1968ರಲ್ಲಿ. ಅಷ್ಟರಲ್ಲಿ ಎರಡು ದಶಕಗಳು ಕಳೆದಿದ್ದವು. ಮೊದಲು ಬಂದವರ ಮನೆಗಳು ಬೆಲೆಯೇರಿ, ಮಕ್ಕಳಿಗೆ ಉಳಿಯುವ ಆಸ್ತಿಯಾದವು. ಹೊರಗುಳಿದವರ ಮಕ್ಕಳು ಕಳೆದುಕೊಂಡದ್ದು ಆ ಪಿತ್ರಾರ್ಜಿತವನ್ನು. ತಾರತಮ್ಯ ನಿಲ್ಲಿಸಹೊರಟ ಕಾಯ್ದೆಯಲ್ಲಿ ಈ ನಷ್ಟ ತುಂಬಿಕೊಡುವ ಮಾತಿರಲಿಲ್ಲ.